ಬಳಸು ಅಂದರೆ ಉಪಯೋಗಿಸು ಮಾತ್ರವಾ?

ತಮ್ಮ: (ಫಾರ್ವರ್ಡ್) ‘ತಾಯಿ ಮಗುವನ್ನು ತೋಳಿನಿಂದ ಬಳಸಿದಳು’ ತಪ್ಪು. ಬಳಸು ಎಂದರೆ ಉಪಯೋಗಿಸು. ‘ಸುತ್ತಿದಳು’ ಎಂದು ಬರೆಯಿರಿ.

ತಮ್ಮ: ಇಷ್ಟು ದಿನ ನಾನೂ ತಪ್ಪು ಬರೆಯುತ್ತಿದ್ದೆ.

ನಾನು: ಇಲ್ಲ ಕಣೋ, ನೀನು ಬರೆಯುತ್ತಿದ್ದದ್ದೇ ಸರಿ. ದಯವಿಟ್ಟು ಇದನ್ನು ಬೇರೆ ಗುಂಪಿಗೆ ಕಳಿಸಬೇಡ. ಬಳಸು ಅಂದರೆ ಸುತ್ತುವರಿ ಅಂತಲೂ ಅರ್ಥ ಇದೆ. 1894ರ ಕಿಟೆಲ್ ನಿಘಂಟಿನಲ್ಲೇ ಸಿಗುತ್ತದೆ.

ದೊಡ್ಡಪ್ಪ: ಹಳೇ ನಿಘಂಟಿನಲ್ಲಿ ಇದ್ದರೆ ಏನಾಯ್ತಮ್ಮ? ಈಗ ಯಾರು ಹಾಗೆ ಹೇಳುತ್ತಾರೆ? ಮಕ್ಕಳಿಗೆ ಸುಮ್ನೆ ಗೊಂದಲ.

ನಾನು: ನೀವೇ ಹೇಳುತ್ತೀರಿ ದೊಡ್ಡಪ್ಪ. ‘ಸುತ್ತಿ ಬಳಸಿ ಮಾತಾಡಬೇಡ, ನೇರವಾಗಿ ಹೇಳು’ ಅಂತ ಎಷ್ಟು ಸಲ ಅಂದಿಲ್ಲ? ಅಲ್ಲಿ ಉಪಯೋಗಿಸು ಅನ್ನುವ ಅರ್ಥ ಕೂರುವುದೇ ಇಲ್ಲ. ‘ಬಳಸು ದಾರಿ’ಯೂ ಅಷ್ಟೇ, ಸುತ್ತಿಕೊಂಡು ಹೋಗುವ ದಾರಿ.

ಅತ್ತೆ: ಹೌದಲ್ಲ ಅಣ್ಣ! ಬಳ್ಳಿ ಮರವನ್ನು ಬಳಸಿ ಹಬ್ಬಿದೆ ಅನ್ನುತ್ತೇವಲ್ಲ. ಆದರೆ ಸುತ್ತಿ ಅಂದರೂ ನಡೆಯುತ್ತದೆ. ಇದಕ್ಕೆ ಇಷ್ಟು ಜಗಳ ಯಾಕೆ?

ನಾನು: ಬಳ್ಳಿಗೆ ನಡೆಯುತ್ತದೆ ಅತ್ತೆ, ಮಗುವಿಗೆ ನಡೆಯುವುದಿಲ್ಲ. ಮಗುವನ್ನು ಬಟ್ಟೆಯಲ್ಲಿ ಸುತ್ತಬಹುದು. ತೋಳಿನಿಂದ ಸುತ್ತಿದಳು ಅಂದರೆ ಹಗ್ಗ ಬಿಗಿದ ಹಾಗೆ ಕೇಳಿಸುತ್ತದೆ. ಬಳಸಿದಳು ಅಂದಾಗ ಅಪ್ಪಿಕೊಂಡದ್ದು ಕಣ್ಣಿಗೆ ಕಟ್ಟುತ್ತದೆ. ಮುತ್ತುವುದು ಮತ್ತೆ ಬೇರೆ. ಅದಕ್ಕೆ ಗುಂಪು ಬೇಕು: ಇರುವೆ ಮುತ್ತುತ್ತದೆ, ಸೇನೆ ಮುತ್ತಿಗೆ ಹಾಕುತ್ತದೆ. ಕವಿಯುವುದು ಮೋಡ, ಕತ್ತಲೆ. ಎಲ್ಲಕ್ಕೂ ಸುತ್ತು ಒಂದೇ ಸಾಕು ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ತಮ್ಮ: ಅಕ್ಕ, ಹಾಗಾದರೆ ಬಳೆ? ಅದೂ ಕೈಯನ್ನು ಬಳಸಿಯೇ ಇರುತ್ತದೆ.

ನಾನು: ಸರಿಯಾಗಿ ಹಿಡಿದೆ! ದ್ರಾವಿಡ ಭಾಷೆಗಳ ನಿಘಂಟು ಬಳೆಯನ್ನೂ ಈ ಬಳಸುವನ್ನೂ ಒಂದೇ ಬೇರಿನ ಕೆಳಗೆ ಇಡುತ್ತದೆ. ತಮಿಳಿನಲ್ಲಿ ‘ವಳೈ’ ಅಂದರೆ ಬಳೆಯೂ ಹೌದು, ಸುತ್ತುವರಿ ಅಂತಲೂ ಹೌದು.

ದೊಡ್ಡಪ್ಪ: ಬಳೆಯ ವಿಷಯ ಗೊತ್ತಿರಲಿಲ್ಲ, ಖುಷಿಯಾಯಿತು. ಆದರೂ ಒಂದು ಕೇಳುತ್ತೇನೆ. ಫಲಕದಲ್ಲಿ ‘ಕಟ್ಟಡವನ್ನು ಬಳಸಿ ಹೋಗಿ’ ಅಂತ ಬರೆದರೆ ಜನ ಒಳಗಿಂದ ಹೋಗಬೇಕಾ, ಹೊರಗಿಂದ ಸುತ್ತಿ ಹೋಗಬೇಕಾ?

ನಾನು: ಅಲ್ಲಿ ನಿಮ್ಮ ಮಾತೇ ಸರಿ. ಫಲಕದಲ್ಲಿ ‘ಸುತ್ತಿಕೊಂಡು ಹೋಗಿ’ ಅಂತಲೇ ಇರಬೇಕು. ಆದರೆ ಜಾಗ ನೋಡಿ ಪದ ಆರಿಸುವುದು ಬೇರೆ, ಪದವೇ ತಪ್ಪು ಅನ್ನುವುದು ಬೇರೆ ಅಲ್ವಾ?

ದೊಡ್ಡಪ್ಪ: ಅದನ್ನು ಒಪ್ಪುತ್ತೇನೆ.

ತಮ್ಮ: ಡಿಲೀಟ್ ಮಾಡಿದೆ. ಗೆಳೆಯರ ಗುಂಪಿಗೂ ಕಳಿಸಿಬಿಟ್ಟಿದ್ದೆ. ಅಲ್ಲಿ ಅಕ್ಕ ಬರೆದದ್ದನ್ನು ಹಾಕುತ್ತೇನೆ, ಬಳೆಯ ಮಾತನ್ನೂ ಸೇರಿಸಿ.