ಮ್ಯಾಲಿನ ಖೋಲಿ, ಕಾದ ಸ್ಲ್ಯಾಬ್, ಮುಂದ ಪರೀಕ್ಷಾ: ನಿದ್ದಿಗಿ ಏನ್ ಮಾಡ್ಬೇಕ್ರಿ?

ಪ್ರಶ್ನೆ: ಎಂ.ಎಸ್ಸಿ. ರಸಾಯನಶಾಸ್ತ್ರ, ಕಲಬುರಗಿ

ಸೇಡಂ ರೋಡಿನ ಕಡಿ ಪಿಜಿಯೊಂದರಾಗ ಎಲ್ಲಕ್ಕಿಂತ ಮ್ಯಾಲಿನ ಖೋಲಿ ನಂದು. ಹಗಲೆಲ್ಲಾ 42–43 ಡಿಗ್ರಿ ಬಿಸಿಲು ಬಿದ್ದ ಸ್ಲ್ಯಾಬ್, ರಾತ್ರಿ ಹನ್ನೆರಡಕ್ಕ ಗ್ವಾಡಿಗಿ ಕೈ ಇಟ್ರ ಒಲಿಯಿಂದ ಇಳಿಸಿದ ರೊಟ್ಟಿ ಹಂಚಿನಂಗ. ಫ್ಯಾನ್ ಅದೇ ಧಗಿ ತಿರುಗಿಸ್ತದ. ಹುಡುಗರು ಮಾಳಗಿ ಮ್ಯಾಲ ಚಾಪಿ ಹಾಸಿ ಮಲಗ್ತಾರ, ನಮ್ಮ ಪಿಜಿಯಾಗ ಸಂಜಿ ಏಳಕ್ಕೇ ಮಾಳಗಿ ಬಾಗಲಕ್ಕ ಕೀಲಿ. ಕಣ್ಣು ಹತ್ತೂದು ಎರಡರ ಮ್ಯಾಲ, ಮುಂಜಾನಿ ಎಂಟಕ್ಕ ಲ್ಯಾಬ್. ಹನಿ ಹನಿ ದ್ರಾವಣ ಹಾಕಿ ಅಳಿಯೂ ಟೈಟ್ರೇಶನ್‌ನ್ಯಾಗ ಬಣ್ಣ ತಿರುಗೋ ಆ ಒಂದು ಹನಿ ಕಣ್ಣ ಮುಂದೇ ದಾಟಿ ಹೋಗ್ತದ. ಮನ್ಯಾಗ "ಮೊಬೈಲ್ ಬಿಡು, ನಿದ್ದಿ ಬರ್ತದ" ಅಂತಾರ. ಹತ್ತಕ್ಕೇ ಬಂದ್ ಮಾಡ್ತೀನಿ, ಆದ್ರೂ ಬರಲ್ಲ. ನಿಮಗ ಯಾವುದು ಉಪಯೋಗ ಆಗ್ಯದ ಹೇಳ್ರಿ.

ಉತ್ತರ: ಸ್ಟಾಫ್ ನರ್ಸ್, ಬೀದರ

ತಂಗಿ, ನೀ ಹೇಳೂದು ಖರೇ ಅದ. ನಿದ್ದಿ ಹತ್ಬೇಕಂದ್ರ ಮೈಯೊಳಗಿನ ಶಾಖ ಸ್ವಲ್ಪ ಇಳೀಬೇಕು, ಸುತ್ತ ಗ್ವಾಡಿ ಕಾದಿದ್ರ ಅದು ಎಲ್ಲಿಂದ ಇಳೀತದ? ಮಲಗೂಕ್ಕಿಂತ ಒಂದೂವರೆ ತಾಸು ಮೊದಲು ಉಗುರುಬೆಚ್ಚಗಿನ ನೀರಿಲೆ ಮೈ ತೊಳಕೋ. ತಣ್ಣೀರು ಬ್ಯಾಡ, ಚರ್ಮದ ರಕ್ತನಾಳ ಬಿಗೀತಾವ. ಬೆಚ್ಚನ ನೀರಿಗಿ ಅವು ಹಿಗ್ಗಿ ಶಾಖ ಹೊರಗ ಬಿಡ್ತಾವ. ಕಿಟಕಿಗಿ ಹಸಿ ದುಪಟ್ಟಾ ಕಟ್ಟು. ನಮ್ಮ ಕಡಿ ಬ್ಯಾಸಗಿ ಒಣ ಹವಾ, ಅದಕ್ಕೇ ಕೂಲರ್ ಇಲ್ಲಿ ಅಷ್ಟು ಛಲೋ ನಡೀತಾವ. ಮಳಿಗಾಲದಾಗ ಈ ಉಪಾಯ ನಡಿಯಲ್ಲ. ಬಟ್ಟಿ ಒಗದ ನೀರು ಚೆಲ್ಲಬ್ಯಾಡ್ರಿ, ಹೊತ್ತು ಮುಳುಗಿದ ಮ್ಯಾಲ ಸ್ಲ್ಯಾಬಿಗಿ ಸುರೀರಿ. ಕುಡಿಯೂ ನೀರಿಗೇ ಕೊಡ ಹಿಡಿಯೂ ಊರಾಗ ಒಳ್ಳೇ ನೀರು ಹಾಕ್ರಿ ಅಂತ ನಾ ಹೇಳಲ್ಲ.

ಉತ್ತರ: ಬಿ.ಇ., ಯಾದಗಿರಿ

ರಾತ್ರಿ ಹತ್ತಕ್ಕ ಚಹಾ ಕುಡೀತೀರೇನು? ಅದರಾಗಿನ ನಿದ್ದಿ ಓಡಿಸೂ ಕೆಫೀನ್ ಮೈಯಾಗ ಅರ್ಧ ಕಮ್ಮಿ ಆಗ್ಲಿಕ್ಕೇ ಸುಮಾರು ಐದು ತಾಸು ಬೇಕು. ಸಂಜಿ ಐದರ ಚಹಾಕ್ಕ ನಿಲ್ಲಸ್ರಿ.

ಉತ್ತರ: ಮನಃಶಾಸ್ತ್ರ ವಿದ್ಯಾರ್ಥಿ, ಕಡಗಂಚಿ

ನಿದ್ದಿ ಗುಣಮಟ್ಟ ಅಳಿಯೂ ಪಿಟ್ಸ್‌ಬರ್ಗ್ ಪ್ರಶ್ನಾವಳಿ 1989ರಿಂದ ಅದ. ಒಟ್ಟು 21 ಅಂಕ, 5 ದಾಟಿದ್ರ ನಿದ್ದಿ ಸರಿ ಇಲ್ಲಂತ ಲೆಕ್ಕ. "ಭಾಳ ಸೆಖಿ ಆಗಿ ನಿದ್ದಿ ಕೆಟ್ಟಿತೇನು?" ಅಂತ ಅದರಾಗೂ ಕೇಳ್ಯಾರ. ನಿಮ್ಮ ಮನ್ಯಾಗ ಅಂದಂಗ ಬರೇ ಮೊಬೈಲ್ ಬಿಡೂ ಶಿಸ್ತಿನ ಮಾತಷ್ಟೇ ಆಗಿದ್ರ ಈ ಪ್ರಶ್ನೆ ಯಾಕ ಇರ್ತಿತ್ತು? ನಿಮ್ಮ ವಯಸ್ಸಿಗಿ 7ರಿಂದ 9 ತಾಸು ಬೇಕು. ಒಂದ್ ಮಾತ್ರ ಬಿಡಬ್ಯಾಡ್ರಿ: ಎಷ್ಟಕ್ಕೇ ಮಲಗಿದ್ರೂ, ಐತ್ವಾರ ಸೈತ, ಏಳೂ ಹೊತ್ತು ಒಂದೇ ಇರ್ಲಿ. ಮಧ್ಯಾಹ್ನ ಜೊಂಪು ಬಂದ್ರ ಇಪ್ಪತ್ತು ನಿಮಿಷ ಸಾಕು. ಇಷ್ಟಾದ್ರೂ ತಿಂಗಳುಗಟ್ಟಲೆ ನಿದ್ದಿ ಬರಲಿಲ್ಲಂದ್ರ ಡಾಕ್ಟರಿಗಿ ತೋರಸ್ರಿ, ನಿಮ್ಮಷ್ಟಕ್ಕ ಗುಳಿಗಿ ನುಂಗಬ್ಯಾಡ್ರಿ.

ಪ್ರಶ್ನೆ ಕೇಳಿದಾಕಿ

ಹೌದ್ರಿ, ಹತ್ತರ ಚಹಾ ಅದ, ಇವತ್ತಿಂದ ಬಂದ್. ಮಾಲಕರ ಹತ್ರ ನಾವು ಮೂರೂ ಹುಡುಗ್ಯಾರು ನಾಳಿ ಮಾಳಗಿ ಚಾವಿ ಕೇಳ್ತೀವಿ, ಎಂಟರ ತನಕ ನೀರು ಹಾಕ್ಲಿಕ್ಕಾದ್ರೂ ಕೊಡ್ರಿ ಅಂತ. ಸ್ಲ್ಯಾಬಿಗಿ ಬಿಳಿ ಸುಣ್ಣ ಹಚ್ಚಿದ್ರ ಧಗಿ ಕಮ್ಮಿ ಆಗ್ತದಂತಾರಲ್ಲ, ಒಂದು ಮಳಿಗಾಲ ತಡೀತದೇನ್ರಿ ಅದು? ಹಚ್ಚಿಸಿದವರಿದ್ರ ಖರ್ಚು ಸೈತ ಹೇಳ್ರಿ, ವರ್ಗಣಿ ಹಾಕ್ಲಿಕ್ಕ ನಾವು ತಯಾರ ಇದ್ದೀವಿ.