ಮೆತ್ತಗಿದ್ದರೆ ಪ್ರೊಡಕ್ಷನ್ ಬೀಳುತ್ತಾ? ಸೂಪರ್‌ವೈಸರ್ ಆಗಿ ಏಳು ತಿಂಗಳು, ತಲೆ ಕೆಟ್ಟಿದೆ

ಎರಡನೇ ಪಾಳಿ, ಬೆಳಗಾವಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರಸೊತ್ತಾದಾಗ ಓದಿ.

ಉದ್ಯಮಬಾಗದ ಒಂದು ಮಷೀನ್ ಶಾಪಿನಲ್ಲಿ ಎಂಟು ವರ್ಷ ದುಡಿದಿದ್ದೇನೆ. ಮೊದಲು ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮಷೀನ್) ಆಪರೇಟರ್, ಆಮೇಲೆ ಸೆಟ್ಟರ್, ಅಂದರೆ ಮಷೀನನ್ನು ಕೆಲಸಕ್ಕೆ ಹೊಂದಿಸಿ ಕೊಡುವವನು. ಏಳು ತಿಂಗಳ ಹಿಂದೆ ಎರಡನೇ ಪಾಳಿಗೆ ನನ್ನನ್ನೇ ಸೂಪರ್‌ವೈಸರ್ ಮಾಡಿದರು, ಮಧ್ಯಾಹ್ನ 3ರಿಂದ ರಾತ್ರಿ 11. ನನ್ನ ಕೈಕೆಳಗೆ 22 ಜನ. ನಿನ್ನೆ ಮೊನ್ನೆ ತನಕ ಹೆಗಲ ಮೇಲೆ ಕೈ ಹಾಕಿ ಚಹಾ ಕುಡಿಯುತ್ತಿದ್ದವರು ಈಗ ಸೂಟಿ ಕೇಳಲು ಬಂದು ಟೇಬಲ್ ಮುಂದೆ ಕೈ ಕಟ್ಟಿ ನಿಲ್ಲುತ್ತಾರೆ. ಅದೇ ಒಂಥರಾ ಆಗುತ್ತದೆ.

ಹೋದ ತಿಂಗಳು ಪುಣೆಯಿಂದ ಒಬ್ಬ ಟ್ರೈನರ್ ಬಂದಿದ್ದ. ಇಡೀ ದಿನ ಎಂಪಥಿ, ಎಂಪಥಿ. ಒಳ್ಳೇ ಲೀಡರ್ ಆಗಬೇಕಾದರೆ ಎದುರಿನವನ ಜಾಗದಲ್ಲಿ ನಿಂತು ನೋಡಬೇಕಂತೆ. 22 ಜನರ ಜಾಗದಲ್ಲಿ ಒಂದೇ ಸಲ ಹೇಗೆ ನಿಲ್ಲೋದು ಅಂತ ಮಾತ್ರ ಹೇಳಲಿಲ್ಲ. ಊಟ ಚೆನ್ನಾಗಿತ್ತು.

ಈಗ ವಿಷಯಕ್ಕೆ ಬರ್ತೀನಿ. ಖಾನಾಪುರ ಕಡೆಯ ಒಬ್ಬ ಹುಡುಗನ ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ, ಮಧ್ಯಾಹ್ನ 1ರಿಂದ 5. ಅವತ್ತು ಅವನು ಬರುವುದು 6.30ಕ್ಕೆ. ನಾನೇ ಒಪ್ಪಿದ್ದೇನೆ, ಮೂರು ತಿಂಗಳಾಯಿತು. ಅವನ ಮಷೀನನ್ನು ಪಕ್ಕದ ಸೀನಿಯರ್ ಒಬ್ಬರು ತಮ್ಮ ಮಷೀನಿನ ಜೊತೆಗೇ ನೋಡಿಕೊಳ್ಳುತ್ತಿದ್ದರು. ಒಂದು ಮಾತೂ ಆಡಿದವರಲ್ಲ. ಹೋದ ವಾರ ಪಂಚಿಂಗ್ ಮಷೀನ್ ಹತ್ತಿರ, ಎಲ್ಲರ ಎದುರಿಗೆ, ತಣ್ಣಗೆ ಹೇಳಿದರು: "ನಮ್ಮ ಅವ್ವ ಸತ್ತು ಆರು ವರ್ಷ ಆತ್ರಿ. ಹಂಗಾಗಿ ನನಗ ಸೂಟಿ ಇಲ್ಲ, ಅಲ್ರೀ?"

ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಅದೇ ವಾರ ಇನ್ನೊಂದು. 14 ಪೀಸುಗಳ ಬೋರ್, ಅಂದರೆ ಒಳಗಿನ ತೂತು, ಓವರ್‌ಸೈಜ್ ಆಗಿದ್ದವು. ಇನ್ಸರ್ಟ್ (ಕತ್ತರಿಸುವ ತುದಿ) ಬದಲಿಸಿದ ಮೇಲೆ ಒಬ್ಬ ಹೊಸ ಹುಡುಗ ಆಫ್‌ಸೆಟ್‌ನಲ್ಲಿ (ಟೂಲ್ ಎಷ್ಟು ಸರಿಯಬೇಕು ಅಂತ ಕೊಡುವ ಅಂಕಿ) ಮೈನಸ್ ಒತ್ತುವ ಬದಲು ಪ್ಲಸ್ ಒತ್ತಿದ್ದಾನೆ. ಬೋರ್ ಸಣ್ಣದಾದರೆ ಮತ್ತೆ ಹೊಡೆಯಬಹುದು, ದೊಡ್ಡದಾದರೆ ಸ್ಕ್ರಾಪ್, ಅಷ್ಟೇ. ಸಿಟ್ಟು ಬಂದದ್ದು ಅದಕ್ಕಲ್ಲ. ಅವನು ಆ 14ನ್ನೂ ಸ್ಕ್ರಾಪ್ ಡಬ್ಬಿಯಲ್ಲಿ ಲೋಹದ ಚಿಪ್ಸ್ ಕೆಳಗೆ ಹೂತಿದ್ದ! ಮೂರು ದಿನ ಆದಮೇಲೆ ಡಬ್ಬಿ ಖಾಲಿ ಮಾಡುವಾಗ ಸಿಕ್ಕವು.

ಮಾಲೀಕರು ಕರೆದು "ನೀನು ಮೆತ್ತಗಿದ್ದೀಯ, ಅದಕ್ಕೇ ಇವರು ಹಿಂಗ ಮಾಡ್ತಾರೆ" ಅಂದರು. ನಾನು ಬಿಗಿ ಆಗಬೇಕಾ? ಎಂಪಥಿ ಎಲ್ಲ ದೊಡ್ಡ ಐಟಿ ಕಂಪನಿಯವರಿಗೆ ಮಾತ್ರನಾ? ಒಂದು ವಿನಂತಿ, ವಚನ ಹಾಕಿ ಬುದ್ಧಿ ಹೇಳಬೇಡಿ. ನಿಮ್ಮ ಕೈಯಾರೆ ಮಾಡಿ ನೋಡಿದ್ದಿದ್ದರೆ ಹೇಳಿ.

---

ಹಳೇ ಫೋರಮನ್:

ತಮ್ಮಾ, ಫೌಂಡ್ರಿಯಲ್ಲಿ 31 ವರ್ಷ ಕಳೆದು ಈಗ ಮನೆಯಲ್ಲಿದ್ದೇನೆ. ನನ್ನದೇ ಒಂದು ತಪ್ಪು ಹೇಳುತ್ತೇನೆ, ಕೇಳು.

ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವ ನಮ್ಮ ಪೋರಿಂಗ್ ಲೈನಿನಲ್ಲಿ ಒಬ್ಬ ಗಟ್ಟಿ ಆಳು ಇದ್ದ. ಒಂದು ದಿನ ಲೇಡಲ್ ಹಿಡಿದು ನಿಂತಲ್ಲೇ ತೂಕಡಿಸಿದ. ಅದರೊಳಗೆ ಇರುವುದು ಸುಮಾರು 1,400 ಡಿಗ್ರಿ ಕಾದ ಕಬ್ಬಿಣ. ನನಗೆ ಎದೆ ಧಸಕ್ ಅಂತು. ಅಲ್ಲೇ ಬಾಯಿಗೆ ಬಂದಂತೆ ಬೈದು, ಕುಡಿದು ಬಂದಿದ್ದಾನೆ ಅಂತ ಬರೆದು, ಮೂರು ದಿನ ಪಗಾರ ಇಲ್ಲದೆ ಮನೆಗೆ ಕಳಿಸಿದೆ. ಅವನು ಎದುರು ಮಾತಾಡಲಿಲ್ಲ. ಹೊಳ್ಳಿ ಬಂದ ಮೇಲೂ ಏನೂ ಹೇಳಲಿಲ್ಲ. ಕ್ಯಾಂಟೀನಿನಲ್ಲಿ ಅವನ ಊರಿನ ಇನ್ನೊಬ್ಬ ಹೇಳಿದ: "ಅಂವ ಕುಡಿಯಂಗಿಲ್ರೀ ಸಾಹೇಬ್ರ. ಈ ವಾರ ನಮ್ಮೂರಿಗೆ ತ್ರೀ ಫೇಸ್ ಕರೆಂಟು ರಾತ್ರಿ ಒಂದಕ್ಕ ಬರತೈತ್ರಿ. ಬೆಳಗಾಗೂ ತನಕ ಕಬ್ಬಿಗೆ ನೀರು ಹಾಯ್ಸಿ ಹಂಗ ಬಸ್ ಹತ್ತತಾನ."

ನಾನೂ ರೈತನ ಮಗ. ಆದರೂ ಅದು ನನ್ನ ತಲೆಗೆ ಹೊಳೆಯಲಿಲ್ಲ ನೋಡು.

ಆಮೇಲೆ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಊರುಗಳ ಹೆಸರು ಬರೆದೆ. ಯಾವ ವಾರ ಯಾವ ಊರಿಗೆ ರಾತ್ರಿ ಕರೆಂಟು, ಯಾವ ವಾರ ಹಗಲು ಅಂತ ಗುರುತು ಹಾಕತೊಡಗಿದೆ. ರಾತ್ರಿ ನೀರು ಹಾಯಿಸುವವರನ್ನು ಆ ವಾರ ಪೋರಿಂಗಿಗೆ ಹಾಕುತ್ತಿರಲಿಲ್ಲ, ಅಚ್ಚಿನ ಕೆಲಸ ನಡೆಯುವ ಸ್ಯಾಂಡ್ ಕಡೆಗೋ ಕೋರ್ ಕಡೆಗೋ ಹಾಕುತ್ತಿದ್ದೆ. ಯಾರಿಗೂ ಸೂಟಿ ಕೊಡಲಿಲ್ಲ, ಪ್ರೊಡಕ್ಷನ್ನೂ ಬೀಳಲಿಲ್ಲ. ಇದನ್ನು ದೊಡ್ಡ ಕರುಣೆ ಅಂತ ತಿಳಿಯಬೇಡ. ಆ ಲೇಡಲ್ ನನ್ನ ಕಾಲ ಮೇಲೂ ಬೀಳಬಹುದಿತ್ತು.

ಆ ಸೀನಿಯರ್ ಹತ್ತಿರ ಇವತ್ತೇ ಹೋಗು. ಕ್ಯಾಬಿನ್‌ಗೆ ಕರೆಸಬೇಡ, ಅವನ ಮಷೀನ್ ಪಕ್ಕ ಹೋಗಿ ನಿಲ್ಲು. "ನನ್ನದು ತಪ್ಪಾತು, ನಿನ್ನನ್ನ ಕೇಳಲೇ ಇಲ್ಲ" ಅನ್ನು. ಅಷ್ಟು ಅಂದು ಸುಮ್ಮನಿರು, ಅವನು ಮಾತಾಡಲಿ.

---

ಸಕ್ಕರೆ ಲ್ಯಾಬ್, ಬಾಗಲಕೋಟೆ ಜಿಲ್ಲೆ:

ಅಣ್ಣಾ, ನಾನು ಆ ಸೀನಿಯರ್ ಜಾಗದಲ್ಲಿ ಇರುವವನು, ಅದಕ್ಕೇ ಬರೆಯುತ್ತಿದ್ದೇನೆ.

ಕಬ್ಬು ನುರಿಸುವ ಸೀಸನ್ನಿನಲ್ಲಿ ಫ್ಯಾಕ್ಟರಿ ಹಗಲು ರಾತ್ರಿ ನಿಲ್ಲುವುದಿಲ್ಲ, ಲ್ಯಾಬೂ ಅಷ್ಟೇ. ನಮ್ಮ ಹಬ್ಬಗಳೆಲ್ಲ ಅದೇ ಹೊತ್ತಿಗೆ ಬರುತ್ತವೆ. ನನ್ನ ಮದುವೆ ಆಗಿಲ್ಲ. ಹಾಗಾಗಿ ದೀಪಾವಳಿಗೂ ನಾನೇ, ಎಳ್ಳಮಾವಾಸ್ಯೆಗೂ ನಾನೇ. "ನಿನಗೇನಪ್ಪಾ, ಹೆಂಡತಿ ಮಕ್ಕಳಾ?" ಅಂತಾರೆ. ಮನೆಯವರೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಮುಂದಿಟ್ಟುಕೊಂಡು ವಿಡಿಯೋ ಕಾಲ್ ಮಾಡುತ್ತಾರೆ, ನಾನಿಲ್ಲಿ ಕಬ್ಬಿನ ಹಾಲಿನ ಬ್ರಿಕ್ಸ್ (ಸಿಹಿಯ ಅಳತೆ) ನೋಡುತ್ತಾ ಕೂತಿರುತ್ತೇನೆ. ನಮ್ಮ ಕೆಮಿಸ್ಟ್ ಸಾಹೇಬರು ತುಂಬಾ ಒಳ್ಳೆಯವರು, ಯಾರು ಅತ್ತರೂ ಸೂಟಿ ಕೊಡುತ್ತಾರೆ. ಅವರ ಒಳ್ಳೇತನದ ಬಿಲ್ಲು ಮಾತ್ರ ಪ್ರತಿ ಸಲ ನನ್ನ ಹೆಸರಿಗೆ.

ಓವರ್‌ಟೈಮಿಗೆ ಡಬಲ್ ಪಗಾರ ಕೊಡಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಬರೆದಿದ್ದರು. ನನಗೆ ಸಿಕ್ಕಿದ್ದು "ಬಹಳ ಚಲೋ ಹುಡುಗ" ಅನ್ನೋ ಸರ್ಟಿಫಿಕೇಟು. ನಿಮ್ಮ ಸೀನಿಯರಿಗೆ ಎರಡು ಮಷೀನ್ ನೋಡಿದ್ದಕ್ಕೆ ಏನಾದರೂ ಕೊಟ್ಟಿರಾ? ದುಡ್ಡು ಬೇಡ, ಒಂದು ಮಾತು?

---

ಲೇತ್ ಮಾಲೀಕ, ಮಚ್ಛೆ:

ಎಲ್ಲರೂ ಮಾಲೀಕರಿಗೆ ಬೈಯುವ ಮೊದಲು ಒಂದು ಮಾತು. ನನ್ನದು 9 ಜನರ ಶಾಪು. ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರಿಂದ ಕಾಯ್ದೆ ಇದೆ, ನನ್ನ ಕೈಗೆ ಬರುವುದು 100 ದಿನ ಆದ ಮೇಲೆ. ಬ್ಯಾಂಕಿನವನು ಅಷ್ಟು ದಿನ ಕಾಯಲ್ಲ. ಒಂದು ಮಷೀನ್ ಮೂರು ಗಂಟೆ ನಿಂತರೆ ಅವತ್ತು ರಾತ್ರಿ ನಿದ್ದೆ ಬರಲ್ಲ. ನಮ್ಮ ಜಾಗದಲ್ಲಿ ಯಾರು ಬಂದು ನಿಲ್ಲುತ್ತಾರೆ ಹೇಳಿ.

ಆದರೂ ನಿಮ್ಮ ಸಮಸ್ಯೆಗೆ ಒಂದು ದಾರಿ ಇದೆ. ನನ್ನ ಸೂಪರ್‌ವೈಸರ್ ಬಂದು "ಪಾಪ ಸರ, ಅವನ ತಾಯಿಗೆ ಹುಷಾರಿಲ್ಲ" ಅಂದರೆ ನನಗೆ ತಲೆ ಕೆಡುತ್ತದೆ. ಬೇಡ ಅಂದರೆ ನಾನು ಕಟುಕ ಆಗುತ್ತೇನೆ, ಹೂಂ ಅಂದರೆ ಡಿಸ್ಪ್ಯಾಚ್ ತಪ್ಪುತ್ತದೆ. ಅದೇ ಅವನು "ಮಂಗಳವಾರ, ಶುಕ್ರವಾರ 3ನೇ ಮಷೀನಿನ ಸೆಟ್ಟಿಂಗ್ ಬದಲಾವಣೆ, ಆಯಿಲಿಂಗ್ ಎಲ್ಲ ಸಂಜೆ 6ರ ಒಳಗೆ ಇಟ್ಟಿದ್ದೇನೆ, ವಾರಕ್ಕೆ ಇಷ್ಟು ಪೀಸು ಕಡಿಮೆ ಬೀಳುತ್ತವೆ, ಶನಿವಾರ ತುಂಬಿಸುತ್ತೇವೆ" ಅಂದರೆ ನಾನ್ಯಾಕೆ ಬೇಡ ಅನ್ನಲಿ? ಮೇಲಿನವರ ಹತ್ತಿರ ಹೋಗುವಾಗ ಲೆಕ್ಕ ಹಿಡ್ಕೊಂಡು ಹೋಗಿ ಸಾಹೇಬ್ರೇ. ನೀವು ಮೆತ್ತಗೆ ಕಾಣುವುದು ಸೂಟಿ ಕೊಟ್ಟಿದ್ದಕ್ಕಲ್ಲ, ಯಾರಿಗೂ ಹೇಳದೆ ಕೊಟ್ಟಿದ್ದಕ್ಕೆ.

14 ಪೀಸು ಹೂತಿಟ್ಟವನನ್ನು ಮಾತ್ರ ನಾನಾಗಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ. ಇದರಲ್ಲಿ ಎರಡು ಮಾತಿಲ್ಲ.

---

ನೈಟ್ ಡ್ಯೂಟಿ ಸಿಸ್ಟರ್, ವಿಜಯಪುರ:

ಮನೆಗೆ ಕಳಿಸುವ ಮೊದಲು ಒಂದು ಪ್ರಶ್ನೆ. ಆ ಹುಡುಗ ಯಾಕೆ ಬಚ್ಚಿಟ್ಟ ಅಂತ ಯಾರಾದರೂ ಕೇಳಿದಿರಾ?

---

ಎರಡನೇ ಪಾಳಿ, ಬೆಳಗಾವಿ:

ಅಕ್ಕಾವ್ರೇ, ಕೇಳಿಲ್ಲ. ಆದರೆ ನನಗೆ ಗೊತ್ತು ಅನಿಸುತ್ತದೆ, ಬರೆಯಲಿಕ್ಕೆ ನಾಚಿಕೆ. ಅದಕ್ಕೂ ನಾಲ್ಕು ದಿನ ಮುಂಚೆ ಇನ್ನೊಬ್ಬ 3 ಪೀಸು ಕೆಡಿಸಿದ್ದ. ಪಾಳಿ ಬದಲಾಗುವ ಹೊತ್ತು, ಎರಡೂ ಪಾಳಿಯವರು ನಿಂತಿದ್ದರು. ನಾನು ಆ ಪೀಸನ್ನು ಎತ್ತಿ ಹಿಡಿದು, "ಇದನ್ನ ನಿನ್ನ ಪಗಾರದಾಗ ಕಡೀಲೇನು?" ಅಂತ ಕೂಗಿದ್ದೆ. ಈ ಹೊಸ ಹುಡುಗ ಅಲ್ಲೇ ಇದ್ದ.

---

ನೈಟ್ ಡ್ಯೂಟಿ ಸಿಸ್ಟರ್, ವಿಜಯಪುರ:

ಅಂದ್ರೆ ನೀವು ಮೆತ್ತಗೇನೂ ಇಲ್ಲ ಬಿಡಿ. ಮನೆಯ ಕಷ್ಟ ಹೇಳಿಕೊಂಡು ಬಂದರೆ ನಿಮ್ಮ ಕರುಳು ಚುರ್ ಅನ್ನುತ್ತದೆ. ಮಷೀನ್ ಮುಂದೆ ನಿಂತು ಹೆದರುವವನು ನಿಮಗೆ ಕಾಣುವುದೇ ಇಲ್ಲ.

ನರ್ಸಿಂಗ್ ಓದುವಾಗ ನಮಗೆ ಒಂದು ಅಧ್ಯಯನದ ಬಗ್ಗೆ ಹೇಳಿದ್ದರು. ಆಮಿ ಎಡ್ಮಂಡ್‌ಸನ್ ಅಂತ ಅಮೆರಿಕದ ಸಂಶೋಧಕಿ, 1996ರಲ್ಲಿ ಪ್ರಕಟಿಸಿದ್ದು. ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಲು ಹೋಗಿದ್ದರು. ಒಳ್ಳೇ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕ ನೋಡಿದರೆ ಉಲ್ಟಾ, ಒಳ್ಳೇ ತಂಡಗಳಲ್ಲೇ ಜಾಸ್ತಿ ತಪ್ಪು! ಆಮೇಲೆ ಗೊತ್ತಾಯಿತು, ಅಲ್ಲಿಯವರು ಹೆದರದೆ ಹೇಳುತ್ತಿದ್ದರು. ಬೇರೆ ಕಡೆ ತಪ್ಪು ಆಗುತ್ತಿತ್ತು, ಮುಚ್ಚಿ ಹೋಗುತ್ತಿತ್ತು.

ನನಗೂ ಒಂದು ಸಲ ಆಗಿದೆ. ಕೆಲಸಕ್ಕೆ ಸೇರಿದ ಹೊಸತು, ರಾತ್ರಿ ಮೂರು ಗಂಟೆ, ನೋಡಲು ಒಂದೇ ಥರ ಇರುವ ಎರಡು ಆಂಪೂಲು (ಇಂಜೆಕ್ಷನ್ ಔಷಧಿಯ ಗಾಜಿನ ಸೀಸೆ), ಒಂದರ ಬದಲು ಇನ್ನೊಂದು ಕೊಟ್ಟುಬಿಟ್ಟೆ. ಕೈಕಾಲು ನಡುಗುತ್ತಿದ್ದವು. ಇನ್‌ಚಾರ್ಜ್ ಸಿಸ್ಟರ್‌ಗೆ ಹೋಗಿ ಹೇಳಿದೆ. ಅವರು ಕೇಳಿದ್ದು ಎರಡೇ ಮಾತು. "ಪೇಷಂಟ್ ಹೆಂಗದಾರ? ಡಾಕ್ಟರಿಗೆ ಹೇಳಿದ್ಯಾ?" ರೋಗಿಗೆ ಏನೂ ಆಗಲಿಲ್ಲ, ಬೆಳಗಿನ ತನಕ ಅವರೂ ನನ್ನ ಜೊತೆ ಆ ಬೆಡ್ ಹತ್ತಿರವೇ ಇದ್ದರು. ರಿಪೋರ್ಟ್ ಬರೆಸಿದರು, ಅದರಲ್ಲಿ ಬಿಡಲಿಲ್ಲ. ಮಾರನೇ ದಿನ ಆ ಎರಡು ಆಂಪೂಲುಗಳನ್ನು ಬೇರೆ ಬೇರೆ ಟ್ರೇಗೆ ಹಾಕಿಸಿ, ಒಂದಕ್ಕೆ ಕೆಂಪು ಟೇಪ್ ಅಂಟಿಸಿದರು. ಅವತ್ತು ಎಲ್ಲರ ಮುಂದೆ ಬೈದಿದ್ದರೆ ಮುಂದಿನ ಸಲ ನಾನೂ ಬಚ್ಚಿಡುತ್ತಿದ್ದೆನೋ ಏನೋ, ಆಣೆ ಮಾಡಿ ಹೇಳಲಾರೆ.

ಮಚ್ಛೆಯ ಅಣ್ಣಾವ್ರೇ, ನಿಮ್ಮ 9 ಜನರಲ್ಲಿ ಯಾರೂ ಇಲ್ಲೀತನಕ ಪೀಸು ಬಚ್ಚಿಟ್ಟಿಲ್ಲವಾ? ಡಬ್ಬಿ ಒಂದ್ಸಲ ಬಗ್ಗಿಸಿ ನೋಡಿ.

ಇನ್ನು ಡಯಾಲಿಸಿಸ್ ವಿಷಯ. ಬೆಳಗಿನ ಸ್ಲಾಟಿಗೆ ಹೆಸರು ಬರೆಸಿದ್ದಾರಾ ಕೇಳಿ. ಪಾಳಿ ಶುರು ಆಗುವುದು 3ಕ್ಕೆ, ಬೆಳಿಗ್ಗೆ ಮುಗಿದರೆ ತೊಂದರೆಯೇ ಇಲ್ಲವಲ್ಲ. ವೇಟಿಂಗ್ ಇರಬಹುದು, ಆದರೆ ಹೆಸರು ಕೊಟ್ಟಿಟ್ಟರೆ ಖಾಲಿಯಾದಾಗ ಸಿಗುತ್ತದೆ. ಹಾಗೇ ಅವನಿಗೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದೆಯಾ ನೋಡಿ. 21,000 ರೂಪಾಯಿ ಒಳಗಿನ ಪಗಾರದವರಿಗೆ ಅದು ಇರಬೇಕು, ಅವಲಂಬಿತ ತಂದೆತಾಯಿಗೂ ಅದರಲ್ಲಿ ಚಿಕಿತ್ಸೆ ಇದೆ. ಎಷ್ಟೋ ಜನ ಕಾರ್ಡು ಬೀರುವಿನಲ್ಲಿಟ್ಟು ಸಾಲ ಮಾಡುತ್ತಾರೆ.

---

ಎರಡನೇ ಪಾಳಿ, ಬೆಳಗಾವಿ:

ಹನ್ನೆರಡು ದಿನ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಕಾಕಾ, ನೀವು ಹೇಳಿದ ಹಾಗೆ ಸೀನಿಯರ್ ಮಷೀನ್ ಪಕ್ಕ ಹೋಗಿ ನಿಂತೆ. ತಪ್ಪಾಯಿತು ಅಂದೆ. ಅವರು ಒಂದು ಜಾಬ್ ಮುಗಿಸಿ, ಅಳೆದು, ಬಟ್ಟೆಯಿಂದ ಒರೆಸಿ ಟ್ರೇನಲ್ಲಿಟ್ಟು ಆಮೇಲೆ ಬಾಯಿ ಬಿಟ್ಟರು. ದುಡ್ಡು ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಶನಿವಾರ ರಾತ್ರಿ 8ಕ್ಕೆ ಬಿಡಿ ಅಂತ. ಹೆಂಡತಿ ಮಕ್ಕಳು ಬೈಲಹೊಂಗಲ ಹತ್ತಿರದ ಊರಲ್ಲಿದ್ದಾರೆ, 11ಕ್ಕೆ ಪಾಳಿ ಬಿಟ್ಟರೆ ಬಸ್ ಇಲ್ಲ. ಭಾನುವಾರ ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟ ಮಾಡಿ, ಸಂಜೆಗೆ ಹೊಳ್ಳಿ ಹೊರಡಬೇಕು. ಎಂಟು ವರ್ಷ ಅವರ ಪಕ್ಕದಲ್ಲೇ ಕೆಲಸ ಮಾಡಿದ್ದೇನೆ, ನನಗಿದು ಗೊತ್ತಿರಲಿಲ್ಲ. ಈಗ ಶನಿವಾರ ಆ ಮೂರು ಗಂಟೆ ಖಾನಾಪುರದ ಹುಡುಗ ಎರಡೂ ಮಷೀನ್ ನೋಡುತ್ತಾನೆ. ಕೇಳಿದ ತಕ್ಷಣ ಅವನೇ ಒಪ್ಪಿದ, ಅವನಿಗೂ ಮನಸ್ಸಿನಲ್ಲಿ ಚುಚ್ಚುತ್ತಿತ್ತಂತೆ.

ಬೆಳಗಿನ ಸ್ಲಾಟ್ ಇನ್ನೂ ಸಿಕ್ಕಿಲ್ಲ, ಹೆಸರು ಬರೆಸಿದ್ದಾನೆ. ಇಎಸ್‌ಐ ಇದೆ, ತಾಯಿಯ ಹೆಸರೇ ಸೇರಿಸಿರಲಿಲ್ಲ! ಅರ್ಜಿ ಹಾಕಿಸಿದ್ದೇನೆ. ಮಾಲೀಕರಿಗೆ ಲೆಕ್ಕ ಬರೆದುಕೊಂಡು ಹೋಗಿ ತೋರಿಸಿದೆ. ಶನಿವಾರಕ್ಕೆ ಹೂಂ ಅಂದರು, ಎರಡು ಮಷೀನ್ ನೋಡಿದ್ದಕ್ಕೆ ಜಾಸ್ತಿ ದುಡ್ಡು ಅಂದಾಗ ಫೋನ್ ಬಂತು ಅಂತ ಎದ್ದು ಹೋದರು. ಮತ್ತೆ ಕೇಳುತ್ತೇನೆ.

ಹೊಸ ಹುಡುಗನ ಮಷೀನ್ ಮೇಲೆ ಯಾವುದಕ್ಕೆ ಪ್ಲಸ್, ಯಾವುದಕ್ಕೆ ಮೈನಸ್ ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆವು. ಬೈದಿದ್ದಕ್ಕೆ ಆ 3 ಪೀಸಿನವನ ಹತ್ತಿರವೂ ಮಾತಾಡಿದೆ, ಅವನಿನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ. ಮೊನ್ನೆ ರಾತ್ರಿ ಹೊಸ ಹುಡುಗ ತಾನಾಗೇ ಒಂದು ಪೀಸು ಹಿಡಿದು ಬಂದ. "ಸರ, ಇದು ಹೋತ್ರಿ." ಬೈಗುಳ ನನ್ನ ನಾಲಗೆ ತುದಿಗೆ ಬಂದೇ ಬಿಟ್ಟಿತ್ತು, ನುಂಗಿದೆ. ಅವನ ಜೊತೆ ಹೋಗಿ ಆಫ್‌ಸೆಟ್ ನೋಡಿದೆ. ಆಮೇಲೆ ಹೊರಗೆ ಬಂದು ಒಬ್ಬನೇ ಒಂದು ಚಹಾ ಕುಡಿದೆ.

ಕಾಕಾ, ಕರೆಂಟಿನ ಪಟ್ಟಿ ನಾನೂ ಶುರು ಮಾಡಿದ್ದೇನೆ. 22 ಜನರಲ್ಲಿ 9 ಜನರ ಹೊಲಕ್ಕೆ ಈ ವಾರ ರಾತ್ರಿ ನೀರು.