ಪದಚರ್ಚೆ: ‘ಟೇಲ್‌ಗೇಟಿಂಗ್’ ಮತ್ತು ‘ಪಿಗ್ಗಿಬ್ಯಾಕಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ವೈಟ್‌ಫೀಲ್ಡಿನ ಕಚೇರಿಯೊಂದರ ಬಾಗಿಲಿಗೆ ಕನ್ನಡ ಫಲಕ ಬರೆಯಬೇಕಿದೆ. ಒಬ್ಬರು ಕಾರ್ಡ್ ತೋರಿಸಿ ಬಾಗಿಲು ತೆರೆದಾಗ, ಅದು ಮುಚ್ಚುವ ಮೊದಲೇ ಇನ್ನೊಬ್ಬರು ಕಾರ್ಡ್ ತೋರಿಸದೆ ಒಳಗೆ ಬಂದುಬಿಡುತ್ತಾರಲ್ಲ, ಭದ್ರತೆಯವರು ಅದನ್ನು ‘ಟೇಲ್‌ಗೇಟಿಂಗ್’ ಅನ್ನುತ್ತಾರೆ. ಮುಂದಿನವರೇ ಬಾಗಿಲು ಹಿಡಿದು ಬಿಟ್ಟುಕೊಂಡರೆ ‘ಪಿಗ್ಗಿಬ್ಯಾಕಿಂಗ್’. ಎಷ್ಟೋ ಕಡೆ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಆದರೆ ಮೊದಲನೆಯದರಲ್ಲಿ ತಪ್ಪು ಹಿಂದೆ ಬಂದವರದು, ಎರಡನೆಯದರಲ್ಲಿ ಇಬ್ಬರದೂ. ಹಾಗಾಗಿ ಎರಡು ಮಾತು ಬೇಕು.

‘ಅತಿಕ್ರಮ ಪ್ರವೇಶ’ ಅನ್ನಿ ಎಂದರು ಕೆಲವರು. ಅದು ಕೋರ್ಟಿನ ಮಾತು. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನಲ್ಲಿ ಅದು ಅಪರಾಧವಾಗಬೇಕಾದರೆ ಅಪರಾಧ ಎಸಗುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶ ಇರಬೇಕು. ಕಾರ್ಡನ್ನು ಮನೆಯಲ್ಲೇ ಬಿಟ್ಟುಬಂದ ಅಕೌಂಟ್ಸ್‌ನವರಿಗೆ ಈ ಮಾತು ಅಂದರೆ ಜಗಳವೇ ಆದೀತು! ‘ಒಳನುಸುಳುವಿಕೆ’ ಪತ್ರಿಕೆಗಳ ದೆಸೆಯಿಂದ ದೇಶದ ಗಡಿಯ ಸುದ್ದಿಗೆ ಅಂಟಿಕೊಂಡಿದೆ.

‘ಬೆಂಬತ್ತು’ ಚೆನ್ನಾದ ಹಳೆಯ ಮಾತು, ಆದರೆ ಅದರಲ್ಲಿ ಅಟ್ಟಿಸಿಕೊಂಡು ಹೋಗುವ ಅರ್ಥವೂ ಇದೆ. ‘ಬೆನ್ನುನುಸುಳು’ ಎಂದು ಕಟ್ಟಿದರೆ ಹೇಗೆ? ಕಳ್ಳಹೆಜ್ಜೆಯ ಛಾಯೆ ಬರುತ್ತದೆ, ಟೇಲ್‌ಗೇಟಿಂಗ್‌ಗೆ ಹೊಂದುತ್ತದೆ. ಪಿಗ್ಗಿಬ್ಯಾಕಿಂಗ್‌ಗೆ ನಮ್ಮ ‘ಕೂಸುಮರಿ’ ಸಿದ್ಧವಾಗಿಯೇ ಇದೆ: ಹೊತ್ತವರಿಗೆ ಬೆನ್ನ ಮೇಲೆ ಯಾರಿದ್ದಾರೆಂದು ಗೊತ್ತು. ಫಲಕದಲ್ಲಿ ನೋಡಿ ಜನ ನಗಬಹುದು. ನಕ್ಕವರು ಮರೆಯುವುದಿಲ್ಲ ಅನ್ನುವುದು ನನ್ನ ಪಕ್ಕದ ಮೇಜಿನವರ ವಾದ.

ಸೊಂಟದೆತ್ತರದ ತಿರುಗುಗೇಟಿರುವ ಕಡೆ ಒಂದು ಕಾರ್ಡಿಗೆ ಒಬ್ಬರಷ್ಟೇ ದಾಟುವುದು, ಹಾರಿ ಬರುವವರನ್ನು ಬಿಟ್ಟರೆ. ಸರ್ವರ್ ಕೋಣೆಗಳಿಗೆ ಒಂದು ಬಾಗಿಲು ಮುಚ್ಚದ ಹೊರತು ಇನ್ನೊಂದು ತೆರೆಯದ ಜೋಡಿ ಬಾಗಿಲು ಇಡುತ್ತಾರೆ. ನಮ್ಮದು ಬರಿಯ ಗಾಜಿನ ಬಾಗಿಲು. ಹಿಂದೆ ಬರುವವರಿಗೆ ಬಾಗಿಲು ಹಿಡಿಯದಿದ್ದರೆ ಒರಟುತನ ಅನ್ನಿಸಿಕೊಳ್ಳುವ ಊರಿನಲ್ಲಿ ಫಲಕ ಮಾತಾಡಬೇಕಾದದ್ದು ಕಾರ್ಡ್ ಇರುವವರ ಜೊತೆಗೇ. ಸದ್ಯ ಬರೆದುಕೊಂಡಿರುವುದು ಹೀಗೆ: “ಒಂದು ಕಾರ್ಡಿಗೆ ಒಬ್ಬರೇ. ನಿಮ್ಮ ಹಿಂದಿನವರೂ ತಮ್ಮ ಕಾರ್ಡ್ ತೋರಿಸಲಿ.”

ಫಲಕಕ್ಕೆ ಇಷ್ಟು ಸಾಕು. ಆದರೆ ಭದ್ರತಾ ತರಬೇತಿಯ ಕೈಪಿಡಿಗೆ ನಾಮಪದಗಳೇ ಬೇಕು. ‘ಬೆನ್ನುನುಸುಳು’ ನಾಮಪದವಾಗಿ ನಿಲ್ಲುತ್ತದೆಯೇ, ‘ಬೆನ್ನುನುಸುಳಿಕೆ’ ಅನ್ನಬೇಕೇ? ಹುಬ್ಬಳ್ಳಿ, ಮಂಗಳೂರು ಕಡೆಯ ಕಚೇರಿಗಳಲ್ಲಿ ಕಾವಲಿನವರು ಇದಕ್ಕೆ ಬೇರೇನಾದರೂ ಅನ್ನುವುದನ್ನು ಕೇಳಿದ್ದರೆ ದಯವಿಟ್ಟು ಬರೆಯಿರಿ.